ತಿಂಡಿ ಬಿಟ್ಟ ಬೆಳಗುಗಳು

ಲಷ್ಕರ್ ಮೊಹಲ್ಲಾದ ಮನೆಯಲ್ಲಿ ಪುಷ್ಪಮೇರಿ ಮದುವೆ ಗೌನು ಹೊಲಿಯುತ್ತಿದ್ದಳು. ಬೆಳಗ್ಗೆ ಒಂದು ಲೋಟ ಕಾಫಿ ಕುಡಿದು ಮಿಷನ್ ಮುಂದೆ ಕೂತರೆ ಮಧ್ಯಾಹ್ನದವರೆಗೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಹರೆಯದಲ್ಲಿ ಯಾರೋ ದಪ್ಪ ಅಂತ ಆಡಿಕೊಂಡಿದ್ದಕ್ಕೆ ಬಿಟ್ಟ ತಿಂಡಿ. ಆಮೇಲೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಖಾಲಿ ಹೊಟ್ಟೆಯಲ್ಲಿ ಮೈಯೆಲ್ಲ ಒಂಥರಾ ಹಗುರ. ಬಿಳಿ ಸ್ಯಾಟಿನ್ ಮಂಜಿನ ಹಾಗೆ ಮಡಿಲಿಗೆ ಇಳಿಯುತ್ತಿತ್ತು. ಬೀದಿಯ ಸದ್ದು ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು.

ಮಗಳು ಸಿಲ್ವಿಯಾ ಹತ್ತನೇ ಕ್ಲಾಸು. ಟ್ಯೂಷನ್ನಿನ ಗೆಳತಿಯರ ಜೊತೆ ಸಣ್ಣ ಸೊಂಟದವರ ರೀಲ್ಸ್ ನೋಡುವುದೂ, ತಮ್ಮ ಸೊಂಟ ಮುಟ್ಟಿ ನೋಡಿಕೊಳ್ಳುವುದೂ ಅವರ ಆಟ.

ಒಂದು ದಿನ ಅಳತೆ ನೋಡಲು ಬರಬೇಕಿದ್ದ ಮದುಮಗಳು ಬರಲಿಲ್ಲ.

"ಆ ಹುಡುಗಿ ನಿನ್ನಷ್ಟೇ ಇದ್ದಾಳೆ. ಸ್ವಲ್ಪ ಹಾಕ್ಕೊಂಡು ನಿಲ್ಲೇ," ಎಂದಳು ಪುಷ್ಪಮೇರಿ.

ಹಾಕಿಕೊಂಡ ಗೌನು ಸಡಿಲವಾಗಿ ಸಿಲ್ವಿಯಾಳ ಭುಜದಿಂದ ಜಾರಿತು. ಕಿಟಕಿಯ ಬಿಸಿಲಲ್ಲಿ, ಅಷ್ಟೊಂದು ಬಿಳುಪಿನ ನಡುವೆ, ಅವಳು ಅರ್ಧ ಕಣ್ಣು ಮುಚ್ಚಿ ನಗುತ್ತಾ ನಿಂತಿದ್ದಳು. ನಿಂತವಳು ಹಾಗೇ ವಾಲಿದಳು. ತಾಯಿ ಓಡಿ ಹಿಡಿದುಕೊಂಡಳು.

"ಬೆಳಗ್ಗೆ ಏನು ತಿಂದೆ?"

"ಕಾಫಿ ಕುಡಿದೆ."

"ಡಬ್ಬಿ?"

"ಟ್ಯೂಷನ್ನಿನ ಅನುಪಮಾಗೆ ಕೊಟ್ಬುಟ್ಟೆ."

"ಯಾರು ಕಲಿಸಿದ್ದು ಇದನ್ನ? ಆ ಫೋನಾ?"

"ಫೋನಲ್ಲಿ ನೋಡಿದ್ದು ಈಚೆಗೆ ಕಣಮ್ಮ," ಸಿಲ್ವಿಯಾ ಮೆಲ್ಲಗೆ ಹೇಳಿದಳು. "ನೀನು ತಿಂಡಿ ತಿಂದಿದ್ದನ್ನ ನಾನು ಯಾವತ್ತಾದ್ರೂ ನೋಡಿದ್ದೀನಾ? ತಿನ್ನದೇ ಇದ್ರೆ ತೇಲಿದ ಹಾಗಾಗುತ್ತೆ. ಚೆನ್ನಾಗಿರುತ್ತೆ."

ಪುಷ್ಪಮೇರಿಗೆ ಆ ತೇಲುವುದು ಗೊತ್ತಿತ್ತು. ಅದು ತನ್ನೊಬ್ಬಳದೇ ಎಂದುಕೊಂಡಿದ್ದಳು. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತುಂಬ ಹೊತ್ತು ನೆಲದ ಮೇಲೇ ಕೂತಳು. ಸಂಜೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ರಕ್ತ ಕಡಿಮೆ ಇದೆ ಎಂದು ಅವರು ಮಾತ್ರೆ ಬರೆದುಕೊಟ್ಟರು.

ಮಾರನೇ ಬೆಳಗ್ಗೆ ಮಿಷನ್ನಿನ ಮುಸುಕು ತೆಗೆಯಲಿಲ್ಲ. ಎರಡು ತಟ್ಟೆಗೆ ಉಪ್ಪಿಟ್ಟು ಬಡಿಸಿದಳು.

"ಮೊದಲು ನೀನು ತಿನ್ನು," ಎಂದಳು ಸಿಲ್ವಿಯಾ.

ಪುಷ್ಪಮೇರಿಗೆ ಮೊದಲ ತುತ್ತು ಗಂಟಲಲ್ಲೇ ನಿಂತಿತು. ಅಷ್ಟು ವರ್ಷ ಬೆಳಗಿನ ತಿಂಡಿ ಕಾಣದ ಹೊಟ್ಟೆ ಒಪ್ಪಲಿಲ್ಲ, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಸಿಲ್ವಿಯಾಗೆ ನಗು. ನಗುತ್ತಲೇ ತಾನೂ ಒಂದು ತುತ್ತು ತಿಂದಳು.

ಎಲ್ಲ ದಿನವೂ ಹಾಗಿರಲಿಲ್ಲ. ಸಿಲ್ವಿಯಾ ಅರ್ಧ ತಿಂದು ತಟ್ಟೆ ನೂಕಿದ ದಿನಗಳಿದ್ದವು, ಇಬ್ಬರೂ ಕೂಗಾಡಿ ಮಾತು ಬಿಟ್ಟ ದಿನಗಳೂ. ಆದರೂ ಪುಷ್ಪಮೇರಿ ತನ್ನ ತಟ್ಟೆಯ ಮುಂದಿಂದ ಏಳುತ್ತಿರಲಿಲ್ಲ.

ಕ್ರಿಸ್‌ಮಸ್ ಹತ್ತಿರ ಬಂದಾಗ ತಾಯಿ ಮಗಳು ಹೂವಿನ ಅಚ್ಚಲ್ಲಿ ರೋಸ್ ಕುಕ್ಕಿ ಕರಿಯಲು ಕೂತರು. ಅಡುಗೆಮನೆ ತುಂಬ ಏಲಕ್ಕಿ ವಾಸನೆ. ಮುರಿದ ಹೂಗಳನ್ನೆಲ್ಲ ಸಿಲ್ವಿಯಾ ಏನೋ ಯೋಚಿಸುತ್ತಾ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಪುಷ್ಪಮೇರಿ ನೋಡಿಯೂ ನೋಡದವಳಂತೆ ಅಚ್ಚನ್ನು ಮತ್ತೆ ಎಣ್ಣೆಗೆ ಇಳಿಸಿದಳು.