ಹಗ್ಗದ ಸೇತುವೆ ತೆಗೆದವರು ಯಾರು?

ಮೊನ್ನೆ ಭಾನುವಾರ ನನ್ನ ಮಗಳು ಫೋನಿನಲ್ಲಿ ಏನನ್ನೋ ನೋಡುತ್ತಿದ್ದಳು. ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ನನ್ನ ಕಿವಿಗೆ ಒಂದು ಸಂಗೀತದ ತುಣುಕು ಬಿತ್ತು. ಇಪ್ಪತ್ತು ವರ್ಷಕ್ಕೂ ಹಿಂದೆ ಗುಬ್ಬಿಯ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ ಕೇಳಿದ್ದ ರಾಗ ಅದು. ಬಗ್ಗಿ ನೋಡಿದೆ. ಯಾವನೋ ಪುಣ್ಯಾತ್ಮ ಆ ಹಳೆಯ ಆಟವನ್ನು ಹಿಡಿದುಕೊಂಡು, ಬಿಡುಗಡೆಗೆ ಮುಂಚೆ ಕಂಪನಿಯವರು ತೋರಿಸಿದ್ದೇನು, ಕೊನೆಗೆ ಕೊಟ್ಟಿದ್ದೇನು ಎಂದು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ವಿವರಿಸುತ್ತಿದ್ದ. ಕುದುರೆ ಸವಾರನ ರುಮಾಲು ಮೊದಲು ಕೆಂಪಗಿತ್ತಂತೆ, ಆಮೇಲೆ ನೀಲಿಯಾಯಿತಂತೆ. ಕೋಟೆಗೆ ಮೊದಲು ಹಗ್ಗದ ಸೇತುವೆಯಿತ್ತಂತೆ, ಆಮೇಲೆ ಆಟ ಮಾಡಿದವರೇ ಅದನ್ನು ತೆಗೆದುಹಾಕಿದರಂತೆ. ಆ ಕೊನೆಯ ಮಾತು ಕೇಳಿದ ಮೇಲೆ ನನಗೆ ಅವರೆಕಾಯಿ ಬಿಡಿಸಲು ಮನಸ್ಸಾಗಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಜಯಣ್ಣನ ವಿಷಯ ಹೇಳಬೇಕು. ಅದಕ್ಕೂ ಮುಂಚೆ ನಮ್ಮ ಮನೆತನದ ಅನುಮಾನದ ವಿಷಯ ಹೇಳಬೇಕು.

ಅನುಮಾನ ನಮಗೆ ಪಿತ್ರಾರ್ಜಿತ. ಭಾಗವಾಗುವಾಗ ಒಳ್ಳೆಯ ಜಮೀನೆಲ್ಲ ಚಿಕ್ಕಪ್ಪನಿಗೆ ಹೋಯಿತು, ಅನುಮಾನ ಪೂರ್ತಿ ನಮ್ಮ ಪಾಲಿಗೆ ಬಂತು. ಅಪ್ಪ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅಂಗಡಿಯವನ ಮುಖ ನೋಡಿ, ಮತ್ತೊಮ್ಮೆ ಅಲ್ಲಾಡಿಸುತ್ತಿದ್ದರು. ಅಮ್ಮ ಹಾಲು ಕರೆಯುವವನ ಎದುರಿಗೇ ನಿಂತಿರುತ್ತಿದ್ದಳು. ಕಣ್ಣಾರೆ ನೋಡಿ ತಂದ ಹಾಲನ್ನೂ ಒಲೆಯ ಮೇಲಿಡುವಾಗ, "ಹಸೂಗೇ ನೀರು ಜಾಸ್ತಿ ಕುಡಿಸಿರ್ತಾನೆ ಬುಡು" ಅನ್ನುತ್ತಿದ್ದಳು. ಇಂಥವರ ಹೊಟ್ಟೆಯಲ್ಲಿ ಹುಟ್ಟಿದವನಿಂದ ನೀವಾದರೂ ಏನು ನಿರೀಕ್ಷಿಸುತ್ತೀರಿ?

ತೊಂಬತ್ತರ ದಶಕದ ಕೊನೆ. ನಾನು ಗುಬ್ಬಿಯಿಂದ ದಿನಾ ತುಮಕೂರಿಗೆ ಹೋಗಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದೊಂದನ್ನು ಮಾತ್ರ ಮನೆಯವರು ಯಾವ ಅನುಮಾನವೂ ಇಲ್ಲದೆ ನಂಬಿದ್ದರು. ಸಂಜೆ ಬಸ್ಸಿಳಿದರೆ ನಾನು ನೇರ ಹೋಗುತ್ತಿದ್ದದ್ದು ಜಯಣ್ಣನ ಅಂಗಡಿಗೆ. ಜಯಣ್ಣ ಕುಣಿಗಲ್ ಕಡೆಯವನು, ಹುತ್ರಿದುರ್ಗದ ಬುಡದ ಊರು, ನನಗಿಂತ ಏಳೆಂಟು ವರ್ಷ ದೊಡ್ಡವನು. ಬಸ್‌ಸ್ಟ್ಯಾಂಡಿನ ಹಿಂದೆ ಮಳಿಗೆ ಹಿಡಿದು ಎರಡು ಕಂಪ್ಯೂಟರ್ ಇಟ್ಟು ಆಟ ಆಡಿಸುತ್ತಿದ್ದ. ಆಟಗಳೆಲ್ಲ ಬೆಂಗಳೂರಿನಿಂದ ತರುವ ಡೂಪ್ಲಿಕೇಟ್ ಸಿ.ಡಿ.ಗಳು. ಅಸಲಿ ಸಿ.ಡಿ.ಯನ್ನು ನಾವ್ಯಾರೂ ಕಣ್ಣಲ್ಲೂ ಕಂಡಿರಲಿಲ್ಲ.

ತುಮಕೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ನನಗೆ ಒಂದು ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆ ಸಿಕ್ಕಿತು. ಅದರಲ್ಲಿ ಇನ್ನೂ ಬರಬೇಕಾಗಿದ್ದ ಈ ಆಟದ ಚಿತ್ರಗಳು, ಎರಡು ಪುಟ ತುಂಬ. ಬೆಟ್ಟದ ಮೇಲೊಂದು ಕೋಟೆ, ಕೆಂಪು ರುಮಾಲಿನ ಸವಾರ, ಕಣಿವೆಗೆ ಅಡ್ಡಲಾಗಿ ಹಗ್ಗದ ಸೇತುವೆ. ಜಯಣ್ಣನಿಗೆ ತೋರಿಸಿದೆ.

"ಲೇ, ಇದು ನಮ್ ದುರ್ಗ ಇದ್ದಂಗೇ ಐತಲ್ಲೋ!" ಅಂದವನೇ ಎರಡೂ ಪುಟ ಹರಿದು ಗೋಡೆಗೆ ಅಂಟಿಸಿದ.

ಆ ಚಿತ್ರ ನೋಡಿಕೊಂಡೇ ನಾವು ಆರು ತಿಂಗಳು ಕಾದೆವು. ಸೇತುವೆಯ ಮೇಲೆ ಕುದುರೆ ಓಡಿಸಬೇಕೋ ನಡೆಸಬೇಕೋ ಎಂದು ನಾವು ಮಾಡಿದ ಚರ್ಚೆಯ ಅರ್ಧದಷ್ಟು ಭೌತಶಾಸ್ತ್ರದಲ್ಲಿ ಮಾಡಿದ್ದರೆ ನಾನು ಎಂಜಿನಿಯರ್ ಆಗಿರುತ್ತಿದ್ದೆ. ಕೊನೆಗೆ ಆಟ ಬಂತು. ಸವಾರನ ರುಮಾಲು ನೀಲಿ. ಹೋಗಲಿ ಎಂದುಕೊಂಡೆ. ಮೂರು ಸಂಜೆ ಆಡಿ ಸೇತುವೆ ಇರಬೇಕಾದ ಜಾಗಕ್ಕೆ ಬಂದರೆ ಅಲ್ಲಿ ಬರೀ ಬಂಡೆ.

"ಸೇತುವೆ ಎಲ್ಲಿ ಜಯಣ್ಣ?"

"ಮುಂದೆ ಬತ್ತದೆ, ಆಡೋ."

ಮುಂದೆ ಆಟವೇ ಮುಗಿಯಿತು, ಸೇತುವೆ ಬರಲಿಲ್ಲ.

ಇಲ್ಲಿ ನಮ್ಮೂರ ಟೆಂಟ್ ಸಿನಿಮಾದ ಬಗ್ಗೆ ಒಂದು ಮಾತು. ಆಪರೇಟರಿಗೆ ಕೊನೇ ಬಸ್ಸು ತಪ್ಪುವ ಹಾಗಿದ್ದರೆ ಅವನು ಒಂದು ರೀಲು ಹಾಕುತ್ತಲೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದ ನಾಯಕ ಮರುಕ್ಷಣ ಮದುವೆ ಮಂಟಪದಲ್ಲಿ ಇರುತ್ತಿದ್ದ. ನಾವು ಸಿಳ್ಳೆ ಹೊಡೆದು "ರೀಲ್ ಕಟ್! ರೀಲ್ ಕಟ್!" ಎಂದು ಕೂಗುತ್ತಿದ್ದೆವು. ಹಾಗೆ ಬೆಳೆದವರಿಗೆ ಏನೇ ಕಾಣೆಯಾದರೂ ಅದನ್ನು ಕತ್ತರಿಸಿದವನು ಊರಲ್ಲೇ ಇದ್ದಾನೆ ಎಂಬುದು ಖಾತ್ರಿ. ದೂರದಲ್ಲೆಲ್ಲೋ ಆಟ ಮಾಡಿದವನೇ ತೋರಿಸಿದ್ದನ್ನು ಕೊಡದೆ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಇಂಗ್ಲಿಷಿನಲ್ಲಿ, ಬಣ್ಣದಲ್ಲಿ, ನುಣುಪು ಕಾಗದದಲ್ಲಿ ಅಚ್ಚಾದದ್ದು ಸುಳ್ಳಾಗುತ್ತದೆಯೇ? ಹಾಲು ಕರೆಯುವವನನ್ನೂ ನಂಬದ ಮನೆಯವನು ಆ ಎರಡು ಪುಟಗಳನ್ನು ನಂಬಿದೆ.

ಮರುದಿನ ನಾಲ್ಕು ಜನರೆದುರು ಕೇಳಿಯೇ ಬಿಟ್ಟೆ. "ಸಿ.ಡಿ.ಲಿ ಜಾಗ ಸಾಲ್ದೂಂತ ಸೇತುವೆ ಕಿತ್ತಾಕ್ಸಿ ಕಾಪಿ ಹೊಡ್ಸಿದ್ದೀಯ. ನಿಜ ಹೇಳು ಜಯಣ್ಣ."

"ನಮ್ಮವ್ವನಾಣೆಗೂ ಇಲ್ಲ ಕಣೋ. ಅವ್ರು ಕೊಟ್ಟಿದ್ದೇ ಹಿಂಗೆ."

ಆಣೆ ಇಟ್ಟ ಅಂದರೆ ಏನೋ ಇದೆ ಅಂತಲೇ ಅರ್ಥ ಎಂದು ಅಪ್ಪ ಕಲಿಸಿದ್ದರು. ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದರಲ್ಲೊಂದು ಗೀರಿತ್ತು. "ಇಗೋ, ಕಟ್ ಮಾಡಿರೋ ಜಾಗ" ಎಂದು ಎಲ್ಲರಿಗೂ ತೋರಿಸಿದೆ. ನಗಬೇಡಿ, ಅವರೆಲ್ಲ ನಂಬಿದರು. ಜಯಣ್ಣ ಅರ್ಧ ಆಟ ಹಾಕಿ ಮೋಸ ಮಾಡುತ್ತಾನೆ ಎಂಬ ಮಾತು ಗುಬ್ಬಿಯ ತುಂಬ ಹಬ್ಬಿತು. ಹುಡುಗರು ತುಮಕೂರಿನ ಅಂಗಡಿಗಳಿಗೆ ಹೋಗತೊಡಗಿದರು. ಕೆಲವು ತಿಂಗಳಲ್ಲಿ ಜಯಣ್ಣ ಶಟರ್ ಎಳೆದು, ಯಾರಿಗೂ ಹೇಳದೆ ಊರು ಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಬೀಗಿದೆ.

ಮೊನ್ನೆಯ ವಿಡಿಯೋವನ್ನೂ ನಾನು ಸುಲಭಕ್ಕೆ ನಂಬಲಿಲ್ಲ. ಇನ್ನೂ ಮೂರು ಕಡೆ ಹುಡುಕಿದೆ. ಎಲ್ಲರೂ ಅದನ್ನೇ ಹೇಳಿದರು. ಜಯಣ್ಣ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ, ಮನೆ ತುಮಕೂರಿನಲ್ಲೇ ಇದೆ ಎಂದು ಗೂಳೂರಿನ ಗೆಳೆಯನೊಬ್ಬನಿಂದ ಗೊತ್ತಾಯಿತು. ನಿನ್ನೆ ಹೋದೆ. ಕೂದಲೆಲ್ಲ ಬೆಳ್ಳಗಾಗಿತ್ತು. "ಏನ್ಲಾ, ಇಷ್ಟ್ ವರ್ಸ ಆದ್ಮೇಲೆ!" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಇವನು ಎಲ್ಲ ಮರೆತಿದ್ದಾನೋ, ಮರೆತವನ ಹಾಗೆ ನಟಿಸುತ್ತಿದ್ದಾನೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹುಟ್ಟುಗುಣ.

ವಿಡಿಯೋ ಹಾಕಿ ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ನೋಡಿದ.

"ಹಂಗಾದ್ರೆ ಸೇತುವೆ ಇರ್ಲೇ ಇಲ್ವಾ?"

"ಇರ್ಲಿಲ್ಲ ಜಯಣ್ಣ. ತಪ್ಪಾಯ್ತು. ನಾನು ಸುಮ್ಸುಮ್ನೆ ನಿನ್ ಮೇಲೆ ಹೇಳ್ಬಿಟ್ಟೆ."

ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಅದನ್ನ ಹುಡುಕ್ಕೊಂಡು ಮೂರು ಸಲ ಬೆಂಗ್ಳೂರ್ಗೆ ಹೋಗಿದ್ದೆ ಕಣೋ. ಸೇತುವೆ ಇರೋದು ಕೊಡಿ ಅಂತ. ಅಂಥದ್ದು ಇಲ್ವೇ ಇಲ್ಲ ಅಂತ ನಗ್ತಿದ್ರು ಅವ್ರು. ನಂಗೇ ಮೋಸ ಮಾಡ್ತಾವ್ರೆ ಅಂತ ಜಗಳಾಡ್ಕೊಂಡ್ ಬಂದೆ. ಆಮೇಲೆ ಅವ್ರು ಬೇರೆ ಆಟಾನೂ ಕೊಡ್ಲಿಲ್ಲ."

"ಇಲ್ಲ ಅಂತ ಅವ್ರು ಅಷ್ಟು ಹೇಳಿದ್ರೂ ಯಾಕ್ ಹೋದೆ?"

"ನೀನು ಐತೆ ಅಂದಿದ್ಯಲ್ಲೋ," ಅಂದ. "ಓದೋ ಹುಡ್ಗ, ಸುಳ್ ಯಾಕ್ ಹೇಳ್ತಾನೆ ಅಂದ್ಕೊಂಡೆ."

ಕಾಫಿ ಕುಡಿದು ಎದ್ದು ಬಂದೆ.

ಮನೆಯಲ್ಲಿ ಮಗಳು ಕಾಯುತ್ತಿದ್ದಳು. "ಬೈದ್ರಾ ಅಪ್ಪಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು ಕಣಮ್ಮ," ಅಂದೆ.