ಹೆಮೆದಿಯವರ ಪರದೆ ಮಂಕಾದ ಗುರುವಾರ

ಹೆಮೆದಿ ಶೆಕಿಯೊಂಡೊ ಅವರನ್ನು ನಾನು ಮೊದಲು ಕಂಡ ದಿನವೇ ಅವರಿಂದ ಬೈಸಿಕೊಂಡೆ. ಸ್ವಾಹಿಲಿ ನಾಡಿನ ಟಾಂಗಾ ಊರಿನ ಶಾಲೆಗೆ ಗಣಿತ ಕಲಿಸಲು ಬಂದು ಆಗ ಎರಡು ತಿಂಗಳಾಗಿತ್ತು. ಕತ್ತಾಳೆ ನಾರಿನ ಕಂಪನಿಯ ಕಚೇರಿಯಿಂದ ದೂರದ ಊರುಗಳಿಗೆ ಫೋನು ಮಾಡಬಹುದೆಂದು ಯಾರೋ ಹೇಳಿದ್ದರು. ಬಾಗಿಲು ತೆರೆದೇ ಇತ್ತು. ಸೀದಾ ಒಳಗೆ ಹೋದೆ. ತಂತಿಗಳನ್ನು ಸಿಕ್ಕಿಸುವ ದೊಡ್ಡ ಹಲಗೆಯ ಮುಂದೆ ಕುಳಿತಿದ್ದ ತೆಳ್ಳನೆಯ ವ್ಯಕ್ತಿ ತಲೆಯನ್ನೂ ತಿರುಗಿಸದೆ, “ಹೋಡಿ ಅನ್ನದೆ ಒಳಗೆ ಬಂದಿರೋರು ಯಾರು? ಹೊರಗೆ ಹೋಗಿ, ಮತ್ತೆ ಬನ್ನಿ” ಎಂದರು. ನಾನು ಹೊಸ್ತಿಲಾಚೆ ಹೋಗಿ ನಿಂತು “ಹೋಡಿ” ಎಂದೆ. “ಕರಿಬು, ಬನ್ನಿ” ಎಂದು ನಗುತ್ತಾ ಕೈ ಚಾಚಿದರು. ಕೈ ನಾನಿದ್ದ ಕಡೆಗೆ ಚಾಚಿರಲಿಲ್ಲ. ಅವರಿಗೆ ಕಣ್ಣು ಕಾಣಿಸದೆಂಬುದು ನನಗೆ ತಿಳಿದದ್ದು ಆಗ.

ಇಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ಹೋಡಿ ಎನ್ನಬೇಕು. ಒಳಗಿದ್ದವರು ಕರಿಬು ಎನ್ನಬೇಕು. ನಿಂತು ಕೇಳಿದವರಿಗೆ ಬರಬೇಡಿ ಎನ್ನುವುದು ಮರ್ಯಾದಸ್ಥರ ಬಾಯಲ್ಲಿ ಬರುವ ಮಾತಲ್ಲ. ಹೆಮೆದಿಯವರಂತೂ ಹುಟ್ಟಿದಾರಭ್ಯ ಯಾರಿಗೂ ಹಾಗೆ ಹೇಳಿದವರಲ್ಲ.

ಅವರಿಗೆ ಐವತ್ತನಾಲ್ಕು ವರ್ಷವಾದಾಗ ಕಂಪನಿಯವರು ಆ ಹಲಗೆಯನ್ನು ಕಿತ್ತುಹಾಕಿದರು, ಅವರನ್ನು ಮನೆಗೆ ಕಳುಹಿಸಿದರು. ಒಂಬತ್ತು ವರ್ಷ ಅವರು ತಂಗಿ ಮ್ವಂಟುಮು ಅವರ ಜಗಲಿಯ ಮೇಲೆ ಕುಳಿತೇ ಇದ್ದರು. ತಂಗಿ ವಿಧವೆ, ಬೆಳಗಿನ ಹೊತ್ತು ಅಕ್ಕಿಹಿಟ್ಟಿನ ವಿಟುಂಬುವಾ ಸುಟ್ಟು ಮಾರುತ್ತಿದ್ದರು. ಆಮೇಲೆ ಅಂಧರ ಸಂಘವೊಂದು ಮಾತನಾಡುವ ಕಂಪ್ಯೂಟರಿನ ಮೇಲೆ ಟೈಪು ಮಾಡುವುದನ್ನು ಕಲಿಸಿತು. ಒತ್ತಿದ ಅಕ್ಷರವನ್ನು, ತೆರೆದ ಕಡತವನ್ನು ಒಂದು ದನಿ ಓದಿ ಹೇಳುತ್ತದೆ. ಸಂಘದವರೇ ಹಳೆಯ ಕಂಪ್ಯೂಟರೊಂದನ್ನು ಮನೆಗೆ ಕೊಟ್ಟರು. ಜಮೀನಿನ ಜಗಳಗಳನ್ನು ತೀರಿಸುವ ನಮ್ಮ ವಾರ್ಡಿನ ನ್ಯಾಯಮಂಡಳಿಗೆ, ಪೆನ್‌ಡ್ರೈವಿನಲ್ಲಿ ಕಳುಹಿಸಿದ ಸಾಕ್ಷಿಗಳ ಧ್ವನಿಮುದ್ರಣವನ್ನು ಕೇಳಿ ಟೈಪು ಮಾಡಿಕೊಡುವವರು ಬೇಕಾಗಿದ್ದರು. ಆ ಕೆಲಸ ಹೆಮೆದಿಯವರಿಗೆ ಸಿಕ್ಕಿತು. ಜಗಲಿ ಬಿಟ್ಟು ಒಳಗಿನ ಮೇಜಿಗೆ ಹೋದ ಮನುಷ್ಯ ಹತ್ತು ವರ್ಷ ಚಿಕ್ಕವರಾದರು.

ತೊಡಕು ಒಂದಿತ್ತು. ಯಾವುದಾದರೂ ಹೊಸ ತಂತ್ರಾಂಶ ಯಂತ್ರದ ಒಳಗನ್ನು ಬದಲಿಸಲು ಹೊರಟರೆ ಪರದೆಯೆಲ್ಲ ಮಂಕಾಗಿ, ‘ಇದಕ್ಕೆ ಅನುಮತಿ ಕೊಡುತ್ತೀರಾ?’ ಎಂಬ ಪ್ರಶ್ನೆ ಬರುತ್ತದೆ. ಆ ಮಂಕು ಪರದೆಯಲ್ಲಿ ಕಂಪ್ಯೂಟರಿನ ದನಿ ಮೂಕವಾಗುತ್ತಿತ್ತು. ಏನು ಕೇಳುತ್ತಿದೆ, ಯಾರು ಕೇಳುತ್ತಿದ್ದಾರೆ ಒಂದೂ ತಿಳಿಯದು. ರಿಪೇರಿ ಅಂಗಡಿಯ ಸೆಫು ಬಂದು, ಯಂತ್ರ ಆ ಪ್ರಶ್ನೆಯನ್ನು ಇನ್ನೆಂದೂ ಕೇಳದ ಹಾಗೆ ಮಾಡಿಬಿಟ್ಟ. ತಿಂಗಳೊಳಗೆ ಯಾವುದೋ ಪೆನ್‌ಡ್ರೈವಿನಿಂದ ಯಾವುದೋ ತಂತ್ರಾಂಶ ಕೇಳದೆಯೇ ಒಳಗೆ ನುಗ್ಗಿತು. ಹನ್ನೊಂದು ಸಾಕ್ಷಿಗಳ ಹೇಳಿಕೆ ಓದಲು ಬಾರದ ಕಸವಾಯಿತು.

ಮಂಡಳಿಯ ಕಾರ್ಯದರ್ಶಿ ಎನ್‌ಗೋಡಾ ಕೆಲಸವನ್ನು ಕಿತ್ತುಕೊಂಡರು. ನಾನೂ ಹೋಗಿ ಕೇಳಿಕೊಂಡ ಮೇಲೆ, ಒಂದೇ ಒಂದು ಅವಕಾಶ ಎಂದರು. ನಾಲ್ಕು ಸಾಕ್ಷಿಗಳು, ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೈಗೆ ಸೇರಬೇಕು. ತಪ್ಪಿದರೆ ಕೆಲಸ ಬಸ್ ನಿಲ್ದಾಣದ ಟೈಪಿಂಗ್ ಅಂಗಡಿಗೆ. ಹೆಮೆದಿಯವರು ಮೊದಲು ಸೆಫುವನ್ನು ಕರೆಸಿ, ಪ್ರಶ್ನೆ ಕೇಳುವುದನ್ನು ಮೊದಲಿದ್ದಂತೆಯೇ ಮಾಡಿಸಿದರು. ದನಿ ನಿಂತರೆ ನಿಲ್ಲಲಿ, ಕೇಳದೆ ಬರುವುದಂತೂ ಬೇಡ ಎಂದರು.

ಆ ಗುರುವಾರ ನಾನು ಅಲ್ಲಿರಲಿಲ್ಲ. ಅಣ್ಣ ತಂಗಿ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಬುಧವಾರ ಸಂಜೆಯ ಹೊತ್ತಿಗೆ ಮೂರು ಹೇಳಿಕೆಗಳು ಮುಗಿದಿದ್ದವು. ಗುರುವಾರ ಹತ್ತು ಗಂಟೆಗೆ ಪೆನ್‌ಡ್ರೈವಿನಲ್ಲಿದ್ದ ನಾಲ್ಕನೆಯದನ್ನು ತೆರೆದರು. ಸಾಕ್ಷಿಯ ಹೆಸರನ್ನು ದನಿ ಓದಿತು, ಒಬ್ಬ ಮುದುಕಿಯದು. ಗುಂಡಿ ಒತ್ತಿದರು. ಆ ಮುದುಕಿಯ ಮಾತು ಕೇಳಬೇಕಾಗಿದ್ದ ಜಾಗದಲ್ಲಿ ಏನೂ ಕೇಳಿಸಲಿಲ್ಲ. ಇನ್ನೊಂದು ಗುಂಡಿ ಒತ್ತಿದರು. ಅಕ್ಷರ ಓದುವ ದನಿಯೂ ಇಲ್ಲ.

ಅವರು ಕೀಲಿಗಳಿಂದ ಎರಡು ಕೈಗಳನ್ನೂ ಎತ್ತಿ ತೊಡೆಯ ಮೇಲಿಟ್ಟುಕೊಂಡು ತಂಗಿಯನ್ನು ಕೂಗಿದರು. ಮ್ವಂಟುಮು ಎಣ್ಣೆಗೈಯಲ್ಲೇ ಬಂದು ನೋಡಿದರು. ಪರದೆ ಮಂಕಾಗಿದೆ, ನಡುವೆ ಒಂದು ಚೌಕ ಇದೆ ಎಂದರು. ಅವರಿಗೆ ಸ್ವಾಹಿಲಿ ಓದಲು ಬರುತ್ತಿತ್ತು, ಇಂಗ್ಲಿಷು ಬಾರದು.

“ಕೆಳಗೆ ಎರಡು ಮಾತಿದೆ. ಒಂದು ಹೌದು, ಒಂದು ಇಲ್ಲ. ಅಷ್ಟು ನಂಗೂ ಗೊತ್ತು.”

“ಮೇಲೇನಿದೆ ಓದು.”

“ನಿಮ್ಮ ಬಿಳಿಯರ ಭಾಷೆ ನನ್ನ ನಾಲಿಗೆಗೆ ಹೊರಳಲ್ಲ.”

“ಹೊರಳದಿದ್ರೆ ಒಂದೊಂದೇ ಅಕ್ಷರ ಹೇಳು. ಕೈ ಮಾತ್ರ ಎಲ್ಲೂ ತಾಗಿಸ್ಬೇಡ.”

ಮ್ವಂಟುಮು ಒಂದೊಂದೇ ಅಕ್ಷರ ಹೇಳುತ್ತಾ ಹೋದರು, ಹೆಮೆದಿಯವರು ಕೂಡಿಸುತ್ತಾ ಹೋದರು. ಟೆಲಿಫೋನಿನ ಮುಂದೆ ಇಪ್ಪತ್ತೈದು ವರ್ಷ ಕುಳಿತವರಿಗೆ ಇಂಗ್ಲಿಷು ಚೆನ್ನಾಗಿಯೇ ಬರುತ್ತಿತ್ತು. ಮೊದಲು ಸಾಕ್ಷಿಯ ಹೆಸರು. ಆ ಕಡತವನ್ನು ತಯಾರಿಸಿದವರು ಯಾರು ಎಂಬಲ್ಲಿ, ಗೊತ್ತಿಲ್ಲ. ಎಲ್ಲಿಂದ ಬಂತು ಎಂಬಲ್ಲಿ, ಪೆನ್‌ಡ್ರೈವು. ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಇದಕ್ಕೆ ಬಿಡುತ್ತೀರಾ ಎಂಬುದು ಪ್ರಶ್ನೆ.

ಹೆಮೆದಿಯವರು ಎರಡನ್ನೂ ತೂಗಿ ನೋಡಿದರು. ಇಲ್ಲ ಎಂದರೆ ನಾಲ್ಕನೆಯ ಸಾಕ್ಷಿ ಕೈತಪ್ಪುತ್ತದೆ; ಮೂರು ಹೇಳಿಕೆ ಹಿಡಿದು ಹೋದರೆ ಎನ್‌ಗೋಡಾ ಬಿಡುವವರಲ್ಲ. ಹೌದು ಎಂದು, ಅದು ಹಿಂದಿನಂಥದ್ದೇ ಆದರೆ ಮುಗಿದ ಮೂರೂ ಹೋಗುತ್ತವೆ. ಹೇಗೆ ನೋಡಿದರೂ ಮತ್ತೆ ಜಗಲಿಯೇ ಎಂದು ಮನಸ್ಸು ಹೇಳುತ್ತಿತ್ತು.

“ಪಾಪ, ಬಾಗಿಲಲ್ಲಿ ನಿಂತು ಕೇಳ್ತಾ ಇದೆ. ಹೆಸರೂ ಹೇಳಿದೆ. ಹೂಂ ಅಂದ್ಬಿಡಿ ಅಣ್ಣಾ,” ಎಂದರು ಮ್ವಂಟುಮು.

ಹೂಂ ಎನ್ನಲು ಬೆರಳು ಹೋಗಿಯೇಬಿಟ್ಟಿತ್ತಂತೆ. ಆಗ ಅವರಿಗೆ ಒಂದು ವಿಷಯ ಹೊಳೆಯಿತು. ನಿನ್ನೆ ಮೂರು ದನಿಗಳನ್ನು ಕೇಳಿದ್ದೇನೆ. ಒಂದಾದರೂ ಅನುಮತಿ ಬೇಡಿತೇ? ಹೇಳಿದ್ದನ್ನು ಕೇಳಿಸಿಕೊಳ್ಳಲು ನನ್ನ ಯಂತ್ರವನ್ನು ಬದಲಿಸುವುದೇಕೆ?

“ಇದು ಅವಳಲ್ಲ,” ಎಂದರು. “ಅವಳ ಹೆಸರು ಹೇಳ್ಕೊಂಡು ಬಂದಿರೋ ಇನ್ಯಾರೋ.” ಮೂಲೆಯಲ್ಲಿರುವ, ಎಲ್ಲವನ್ನೂ ನಿಲ್ಲಿಸುವ ಗುಂಡಿಯನ್ನು ತಡವಿ ಹುಡುಕಿ ಒತ್ತಿದರು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ದನಿ ಮರಳಿ ಬಂದು, ಕಡತದ ಹೆಸರನ್ನು ಇನ್ನೊಮ್ಮೆ ಓದಿತು. ಪೆನ್‌ಡ್ರೈವು ಕಿತ್ತು ಮೂರು ಹೇಳಿಕೆಗಳನ್ನೂ ತೆರೆದು ನೋಡಿದರು. ಸಾಲು ಸಾಲೂ ಸರಿಯಾಗಿತ್ತು.

ಮೂರನ್ನೂ ಮುದ್ರಿಸಿಕೊಂಡು ಅಣ್ಣ ತಂಗಿ ಬಜಾಜಿ ಎಂಬ ಆಟೋ ಹತ್ತಿ ಮಂಡಳಿಗೆ ಹೋದಾಗ ಹನ್ನೊಂದೂವರೆ. ಎನ್‌ಗೋಡಾ ಹಾಳೆಗಳನ್ನು ತಿರುವಿ, ಕೊಟ್ಟದ್ದು ನಾಲ್ಕು, ಬಂದದ್ದು ಮೂರು ಎಂದರು. ಕುರುಡರಿಗೆ ಇಂಥ ಕೆಲಸ ಒಪ್ಪಿಸಿದ್ದು ನನ್ನದೇ ತಪ್ಪು ಎಂದೂ ಅಂದರಂತೆ. ಇದು ಮ್ವಂಟುಮು ಹೇಳಿದ್ದು. ಹೆಮೆದಿಯವರು ಅದನ್ನು ನನಗೆ ಹೇಳಲಿಲ್ಲ.

“ನಾಲ್ಕನೆಯದು ದನಿ ಅಲ್ಲ ಸ್ವಾಮಿ. ಮೊದಲಿನ ಹನ್ನೊಂದನ್ನೂ ತಿಂದಿದ್ದು ಇಂಥದ್ದೇ. ನಿಮ್ಮ ದನಿ ಹಿಡಿಯೋ ಯಂತ್ರದಲ್ಲಿ ಅವಳ ಮಾತು ಇದ್ದೀತು, ಅದನ್ನೇ ಕೊಡಿ,” ಎಂದರು ಹೆಮೆದಿ.

ಎನ್‌ಗೋಡಾ ಎದ್ದರು. ಬೀರು ತೆಗೆದು, ಹೇಳಿಕೆ ದಾಖಲಿಸಿಕೊಂಡಿದ್ದ ಸಣ್ಣ ಯಂತ್ರವನ್ನು ಒತ್ತಿ ನೋಡಿದರು. ಮುದುಕಿ ತೆಂಗಿನ ಮರಗಳನ್ನು ಎಣಿಸುತ್ತಿದ್ದಳು. ಮೂರು ಗಂಟೆಯವರೆಗೆ ಸಮಯ ಎಂದರು. ಹೆಮೆದಿಯವರು ಅದನ್ನು ಎದೆಗವಚಿಕೊಂಡು ಮನೆಗೆ ಬಂದು, ಊಟವನ್ನೂ ಮಾಡದೆ ಟೈಪು ಮಾಡಿದರು. ಮೂರಕ್ಕೆ ಹತ್ತು ನಿಮಿಷವಿದ್ದಾಗ ನಾಲ್ಕನೆಯ ಹೇಳಿಕೆ ಮೇಜಿನ ಮೇಲಿತ್ತು. ಮುಂದಿನ ವಾರದ ಸಾಕ್ಷಿಗಳನ್ನು ಎನ್‌ಗೋಡಾ ಅವರ ಕೈಗೇ ಕೊಟ್ಟರು.

ಶನಿವಾರ ಸೆಫು ಬಂದಾಗ ನಾನಿದ್ದೆ. ಪ್ರಶ್ನೆ ಕೇಳುವ ಬಗೆಯಲ್ಲಿ ನಾಲ್ಕು ಮೆಟ್ಟಿಲುಗಳಿರುತ್ತವೆ: ಪ್ರತಿ ಸಲ ಕೇಳುವುದು ಮೇಲಿನದು, ಎಂದೂ ಕೇಳದಿರುವುದು ಕೆಳಗಿನದು. ನಾನು ಒಂದೊಂದನ್ನೇ ಓದಿದೆ. ಸೆಫು ಮೂರನೆಯದನ್ನು ಇಡೋಣ ಎಂದ. ಆಗ ಪರದೆ ಮಂಕಾಗದು, ದನಿ ನಿಲ್ಲದು.

“ಮಂಕು ಮಾಡೋದು ಯಾತಕ್ಕೆ?” ಎಂದು ಕೇಳಿದರು ಹೆಮೆದಿ.

“ಬೇರೆ ಯಾವ್ದೂ ನಡುವೆ ಕೈ ಹಾಕಿ, ನಿಮ್ಮ ಪರವಾಗಿ ಹೂಂ ಅನ್ನಬಾರ್ದು ಅಂತ.”

“ಹಾಗಿದ್ರೆ ಆ ಕತ್ತಲೆ ನನ್ನ ಕಾವಲಿಗೇ ಇರೋದು. ಅದನ್ನ ಯಾಕಪ್ಪಾ ತೆಗೀತೀಯ? ನನ್ನ ದನೀನ ಅದರೊಳಕ್ಕೆ ಬಿಡೋ ದಾರಿ ಹುಡುಕು.”

ಸೆಫು ಗೊಣಗುತ್ತಾ ಹುಡುಕಿದ. ದಾರಿ ಆ ಮಾತನಾಡುವ ತಂತ್ರಾಂಶದಲ್ಲೇ ಇತ್ತು. ಒಂದು ಗುರುತು ಹಾಕಬೇಕಿತ್ತು, ಅಷ್ಟೇ. ಅದನ್ನು ಹಾಕಿದಾಗ ಪರದೆ ಇನ್ನೊಂದು ಸಲ ಮೂಕವಾಗಿ ಮಂಕಾಯಿತು. ನಾನು ಪ್ರತಿ ಮಾತನ್ನೂ ಓದಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡು, ತಾವೇ ಒತ್ತಿದರು. ಆಮೇಲೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲನ್ನು ಇಡಿಸಿದರು.

ಹೆಮೆದಿಯವರಿಗೆ ಈಗ ಎಪ್ಪತ್ತೊಂದು. ಎರಡು ವಾರ್ಡುಗಳ ಮಂಡಳಿಗಳಿಗೆ ಟೈಪು ಮಾಡುತ್ತಾರೆ. ಈ ತಿಂಗಳು ಒಂದು ಬಾವಿಯ ಜಗಳ ಬಂದಿದೆ, ಹದಿಮೂರು ಸಾಕ್ಷಿಗಳು. ಒಂಬತ್ತನೆಯವನು ಬಾಯಲ್ಲಿ ಕಬ್ಬು ಇಟ್ಟುಕೊಂಡು ಹೇಳಿಕೆ ಕೊಟ್ಟಿದ್ದಾನೆಂದು ನಿನ್ನೆ ಎನ್‌ಗೋಡಾರಿಗೆ ದೂರು ಕಳುಹಿಸಿದ್ದಾರೆ. ಅವನನ್ನು ಇನ್ನೊಮ್ಮೆ ಕರೆಸುವವರೆಗೆ ಹತ್ತನೆಯವನ ಮಾತನ್ನು ಕೇಳುತ್ತಾ ಕುಳಿತಿದ್ದಾರೆ.