ಎರಡು ಬಂಡೆಗಳ ನಡುವಿನ ಗೆರೆ

ಮಾವನ ಹೊಲದಂಚಿನ ಲಕ್ಕಿ ಗಿಡಗಳನ್ನು ಕಡಿಯಬಹುದು ಎಂದು ನಾನು ಹೇಳಿದೆನೋ ಇಲ್ಲವೋ, ಖಚಿತವಿಲ್ಲ. ಹೇಳಿದ ನೆನಪಿದೆ. ಆದರೆ ಆ ನೆನಪಿನಲ್ಲಿ ನನ್ನ ಕಾಲಲ್ಲಿರುವ ಕಂದು ಬೂಟುಗಳನ್ನು ನಾನು ಕೊಂಡದ್ದು ಮರುವರ್ಷ. ಬೂಟು ಸುಳ್ಳಾದರೆ ಮಾತೂ ಸುಳ್ಳಿರಬಹುದು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಿದ್ದೆ. ಸೋದರಮಾವನ ಊರು ಪಾಂಡವಪುರ ತಾಲ್ಲೂಕಿನಲ್ಲಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಡದಲ್ಲಿ. ನಮ್ಮ ಕಡೆಯವರಿಗೆ ಸಮುದ್ರವೆಂದರೆ ಅದೇ. ಕಟ್ಟೆ ತುಂಬುವ ಕಾಲಕ್ಕೆ ಗಾಳಿಯೂ ಎದ್ದರೆ ಆಚೆ ದಡ ಮಸುಕಾಗುತ್ತಿತ್ತು, ಅಲೆಗಳು ಹೊಲದ ಬುಡಕ್ಕೆ ಬಂದು ಬಡಿಯುತ್ತಿದ್ದವು. ಬೇಸಿಗೆಯಲ್ಲಿ ನೀರು ದೂರ ಸರಿದು, ಬಿರುಕುಬಿಟ್ಟ ನೆಲದ ಮೇಲೆ ಎಮ್ಮೆಗಳು ಮೇಯುತ್ತಿದ್ದವು.

ಅಲ್ಲಿಯ ಹೊಲಗಳಲ್ಲಿ ಒಂದು ರೂಢಿಯಿತ್ತು. ನೀರಿನ ಕಡೆ ಹತ್ತು ಹೆಜ್ಜೆ ಅಗಲ ಉಳುತ್ತಿರಲಿಲ್ಲ. ಲಕ್ಕಿ, ಹೊಂಗೆ ತಾವಾಗಿ ಬೆಳೆಯಲು ಬಿಡುತ್ತಿದ್ದರು. ಸೌದೆಗೆ ಕಡಿಯುತ್ತಿರಲಿಲ್ಲ; ಗದ್ದೆಗೆ ಸೊಪ್ಪು ಸಾಲದಿದ್ದಾಗಲೂ ಆ ಹೊಂಗೆಗೆ ಕೈ ಹಚ್ಚುತ್ತಿರಲಿಲ್ಲ. ಕಾರಣ ಕೇಳಿದರೆ "ಅದು ನೀರಿಂದು" ಅನ್ನುತ್ತಿದ್ದರು. ಅಷ್ಟೇ. ಓದಿದವನಿಗೆ ಅದು ಕಾರಣವೆನಿಸುವುದಿಲ್ಲ.

ಮಾವನ ಕಣ್ಣು ಆ ಹತ್ತು ಹೆಜ್ಜೆಯ ಮೇಲಿತ್ತು. ಅವನದು ಒಂದೂವರೆ ಎಕರೆ. ಗಿಡ ಕಡಿದರೆ ಇನ್ನಷ್ಟು ಸಾಲು ಕಬ್ಬು ಹಾಕಬಹುದು. ಆದರೆ ಅವನಪ್ಪ, ಅಂದರೆ ನನ್ನ ತಾತ, ಬಿಟ್ಟುಹೋದ ಗಿಡಗಳನ್ನು ತಾನೊಬ್ಬನೇ ತೀರ್ಮಾನಿಸಿ ಕಡಿಯಲು ಧೈರ್ಯ ಸಾಲದು. ಒಂದು ಬೆಂಬಲದ ಮಾತು ಬೇಕಿತ್ತು.

ಆ ವರ್ಷವೇ ನಮ್ಮ ತರಗತಿಯನ್ನು ಕಾರವಾರದ ಕಡೆಗೆ ಕರೆದೊಯ್ದಿದ್ದರು. ಸಮುದ್ರವನ್ನು ನಾನು ಮೊದಲು ಕಂಡದ್ದು ಆಗ. ಗಟ್ಟಿ ಬಂಡೆ ಇದ್ದಲ್ಲಿ ನೆಲ ಮೂಗಿನಂತೆ ನೀರಿಗೆ ಚಾಚಿತ್ತು. ಎರಡು ಮೂಗುಗಳ ನಡುವೆ ಮೆದು ಕಲ್ಲನ್ನು ಅಲೆ ತಿಂದು ಒಳಕ್ಕೆ ಬಾಗಿಸಿತ್ತು. ತಿಂದದ್ದನ್ನು ಎಲ್ಲೋ ಮರಳಾಗಿ ಹಾಸಿತ್ತು. ನಮ್ಮ ಮೇಷ್ಟ್ರು ನಕಾಶೆ ಬರೆಯಲು ಕಲಿಸಿದ ನಿಯಮವೂ ನೆನಪಿದೆ. ಬಂಡೆಯ ಅಂಚನ್ನು ಕಣ್ಣಾರೆ ಕಂಡಿದ್ದರೆ ಗೆರೆ. ಮಣ್ಣಿನಡಿ ಹೀಗೆ ಹೋಗಿರಬಹುದೆಂದು ಊಹಿಸಿದ್ದರೆ ಚುಕ್ಕೆ. "ಚುಕ್ಕೆ ಇಡೋಕೆ ನಾಚ್ಕೋಬೇಡಿ" ಎಂದಿದ್ದರು.

ಅಲ್ಲಿಂದ ಮರಳಿ, ಬೇಸಿಗೆಯಲ್ಲಿ ಮಾವನ ಊರಿಗೆ ಹೋದೆ. ಚೀಲದಲ್ಲಿ ಸುತ್ತಿಗೆ ಇತ್ತು.

"ಏನ್ಲಾ ಅಳಿಯ, ಕಲ್ಲು ಒಡೆಯೋದ ಕಲಿಯಕ್ಕೆ ಮೈಸೂರ್ಗಂಟ ಹೋಗ್ಬೇಕಿತ್ತಾ? ನಮ್ಮೂರ ವಡ್ರು ಕಲಿಸ್ತಿರ್ನಿಲ್ವಾ?" ಎಂದ ಮಾವ.

"ಅವ್ರು ಒಡೀತಾರೆ ಮಾವ. ನಾವು ಒಡ್ದು ನೋಡ್ತೀವಿ."

"ನೋಡಿ?"

"ಬರೀತೀವಿ."

"ಬುಡು, ಕೂಲಿ ಇಲ್ದಿರೋ ಕೆಲ್ಸ."

ಹೊಲದ ಪಡುವಣ ತುದಿಯಲ್ಲಿ ಒಂದು ಬಂಡೆ, ಮೂಡಣ ತುದಿಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಇನ್ನೊಂದು. ಎರಡನ್ನೂ ಒಡೆದು ನೋಡಿದೆ. ಎರಡೂ ಒಂದೇ ಜಾತಿಯ ಗಟ್ಟಿ ಕಲ್ಲು. ಮಾವ ಲಕ್ಕಿಯ ನೆರಳಲ್ಲಿ ಬೀಡಿ ಹಚ್ಚಿ ಕೇಳಿದ: "ಓದ್ದೋನಲ್ವಾ, ಏಳು ಮತ್ತೆ. ದಡ ಇಡ್ಕಂಡಿರೋದು ಈ ಗಿಡವಾ, ಕಲ್ಲಾ?"

ಇಲ್ಲಿಯವರೆಗಿನ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ. "ಕಲ್ಲು ಮಾವ. ಆ ತುದಿಯಿಂದ ಈ ತುದಿಗೆ ಕೆಳಗೆಲ್ಲಾ ಒಂದೇ ಬಂಡೆ. ಗಿಡ ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದು ನಾನು ಉತ್ತರಿಸಿದ್ದು ಮಾತ್ರ ಆ ಕಂದು ಬೂಟಿನ ಜೊತೆಗೇ ನೆನಪಿಗೆ ಬರುತ್ತದೆ.

ಮಾವ ಗಿಡ ಕಡಿದ, ಕಬ್ಬು ಹಾಕಿದ. ಮುಂದಿನ ಮಳೆಗಾಲ ಕಟ್ಟೆ ತುಂಬಿತು, ಗಾಳಿ ಎದ್ದಿತು. ದಡ ಒಂದೇ ಸಲ ಕುಸಿಯಲಿಲ್ಲ. ರೊಟ್ಟಿ ಮುರಿದಂತೆ ಚೂರುಚೂರೇ ಮುರಿದು ನೀರಿಗೆ ಬಿತ್ತು. ಬೇರುಸಹಿತ ಕಬ್ಬು ಅಲೆಯ ಮೇಲೆ ತೇಲುತ್ತಿತ್ತು. ಮೂರು ಮಳೆಗಾಲ ಕಳೆಯುವ ಹೊತ್ತಿಗೆ ಹತ್ತು ಹೆಜ್ಜೆಯೂ ಹೋಗಿ, ಅದರ ಹಿಂದಿನ ಹೊಲದಲ್ಲೂ ಅರ್ಧಚಂದ್ರಾಕಾರದ ಒಂದು ತುಂಡು ಹೋಯಿತು. ಎರಡು ತುದಿಯ ಬಂಡೆಗಳು ಮಾತ್ರ ಕದಲದೆ ಮೂಗು ಚಾಚಿ ನಿಂತಿದ್ದವು.

ಬೇಸಿಗೆಯಲ್ಲಿ ನೀರು ಸರಿದಾಗ ಕುಸಿದ ದಡವನ್ನು ನೋಡಲು ಹೋದೆ. ಬಂಡೆಗಳ ನಡುವೆ ಬಂಡೆ ಇರಲಿಲ್ಲ. ಕೊಳೆತು ಗರಸಾದ ಕಲ್ಲು, ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಅದರೊಳಗೆ ಲಕ್ಕಿಯ ಸತ್ತ ಬೇರುಗಳು ಆಳಾಳಕ್ಕೆ ಹೆಣೆದುಕೊಂಡಿದ್ದವು. ಕಾರವಾರದಲ್ಲಿ ಕಂಡದ್ದೇ ಇಲ್ಲೂ ಇತ್ತು. ಅಲ್ಲಿ ಗುರುತಿಸಿ ಅಂಕ ಪಡೆದಿದ್ದೆ.

ಮಾವ ಮೂಡಣ ಬಂಡೆಯ ಮರೆಗೆ ಕೈ ತೋರಿಸಿದ. ಅಲ್ಲಿ ಹೊಸದಾಗಿ ಮರಳು, ಮಣ್ಣು ಕೂತು ನುಣ್ಣಗಾಗಿತ್ತು. "ನೋಡ್ಲಾ, ನನ್ ಹೊಲ ಎಲ್ಲೂ ಹೋಗಿಲ್ಲ. ಅಲ್ಲಿ ಮನಿಕಂಡದೆ."

"ನಾನೇ ಹೇಳಿದ್ದಲ್ವಾ ಮಾವ, ಕಡೀಬೋದು ಅಂತ?"

"ನೀನೆಲ್ಲಿ ಏಳ್ದೆ? ನಾನೇ ಕಡ್ದಿದ್ದು. ನೀನು ಏಳ್ದಂಗೆಲ್ಲಾ ಕೇಳಕ್ಕೆ ನಾನೇನು ನಿನ್ ಹೆಂಡ್ತಿನಾ?"

ಆಗ ನನಗೆ ಮದುವೆಯೂ ಆಗಿರಲಿಲ್ಲ. ಅವನು ಸಾಯುವವರೆಗೂ ಅದೇ ಮಾತು. ಅತ್ತೆಯನ್ನು ಕೇಳಿದರೆ ಇನ್ನೊಂದೇ ಬರುತ್ತಿತ್ತು: "ಆ ಬೇಸ್ಗೇಲಿ ನೀನು ಬಂದೇ ಇರ್ನಿಲ್ಲ ಕಣಪ್ಪ." ಆದರೆ ಆ ಬೇಸಿಗೆ ಅತ್ತೆಯೇ ಊರಲ್ಲಿರಲಿಲ್ಲ, ಕಿಕ್ಕೇರಿಯ ತವರಿನಲ್ಲಿದ್ದರು. ಇಬ್ಬರೂ ನನ್ನನ್ನು ಹೊಣೆಯಿಂದ ಬಿಡಿಸಲು ಹಾಗೆಂದರೋ, ಇಬ್ಬರೂ ನಿಜ ಹೇಳಿದರೋ, ನಾನು ತೂಗಿ ನೋಡುತ್ತಲೇ ಇದ್ದೆ. ಒಬ್ಬ ಮನುಷ್ಯ ತನ್ನ ಅಪ್ಪನ ಗಿಡಗಳನ್ನು ಕಡಿದದ್ದು ನನ್ನ ಮಾತಿನಿಂದಲೋ ಅಲ್ಲವೋ ಎಂಬುದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ.

ಮಾವ ತೀರಿಕೊಂಡು ಕೆಲವು ವರ್ಷಗಳ ಮೇಲೆ, ಮನೆ ಬದಲಿಸುವಾಗ ಹಳೆಯ ಟ್ರಂಕಿನಲ್ಲಿ ಆ ಕಾಲದ ಟಿಪ್ಪಣಿ ಪುಸ್ತಕ ಸಿಕ್ಕಿತು. ಮಾವನ ಊರಿನ ಹೆಸರಿದ್ದ ಒಂದು ಪುಟವಿತ್ತು. ಆ ಬೇಸಿಗೆ ನಾನು ಅಲ್ಲಿದ್ದೆ. ಆಡಿದ ಮಾತು ಒಂದೂ ಬರೆದಿರಲಿಲ್ಲ. ಪೆನ್ಸಿಲ್ಲಿನಲ್ಲಿ ಪಡುವಣ ಬಂಡೆ, ಮೂಡಣ ಬಂಡೆ, ನಡುವೆ ಪುಟ್ಟ ಪುಟ್ಟ ಲಕ್ಕಿ ಗಿಡ. ಗಿಡಗಳ ಕೆಳಗೆ ಬಂಡೆಯಿಂದ ಬಂಡೆಗೆ ನಾನು ಏನನ್ನು ಎಳೆದಿದ್ದೆನೆಂದು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಒರೆಸಿಕೊಂಡು ನೋಡಿದೆ. ಚುಕ್ಕೆಗಳಲ್ಲ. ಗೆರೆ.